ವಿಶ್ವೇಶ್ವರ ಬಚ್ಚಿಟ್ಟ ಕೀ

ಐರ್ಲೆಂಡಿನ ಡನ್ ಲಿಯರಿಯಲ್ಲಿ, ಬಂದರಿನ ಹಿಂದಿನ ಬೀದಿಯಲ್ಲಿ, ಒಂದು ಕೋಣೆಯ ಫ್ಲಾಟಿನಲ್ಲಿರುವ ವಿಶ್ವೇಶ್ವರನನ್ನು ಆ ಊರಿನವರು ವಿಶ್ ಅನ್ನುತ್ತಾರೆ. ಮೈಸೂರಿನ ಸರಸ್ವತಿಪುರಂನಲ್ಲಿ ಅವನ ಅಜ್ಜಿ ಆ ಹೆಸರನ್ನು ಪೂರ್ತಿಯಾಗಿ, ಕೊನೆಯ ಅಕ್ಷರಕ್ಕೆ ಒಂದಿಷ್ಟು ರಾಗ ಸೇರಿಸಿ ಕೂಗುತ್ತಿದ್ದರು. ಇಲ್ಲಿನವರಿಗೆ ಮಳೆಯ ಬಗ್ಗೆ ಗಂಟೆಗಟ್ಟಲೆ ಮಾತಾಡಲು ಪುರುಸೊತ್ತಿದೆ, ಒಬ್ಬನ ಹೆಸರನ್ನು ಪೂರ್ತಿ ಹೇಳಲು ಇಲ್ಲ. ಅದಕ್ಕೆ ಅವನು ಬೇಜಾರು ಮಾಡಿಕೊಂಡವನಲ್ಲ. ಬೇಜಾರಾದರೂ ಬಾಯಿಬಿಟ್ಟು ಹೇಳುವ ಪೈಕಿಯವನಲ್ಲ. ಅದೇ ಅವನ ರೋಗ, ಈ ಕಥೆಗೆ ಕಾರಣವೂ ಅದೇ.

ಐವತ್ತು ದಾಟಿದ ಈ ಮನುಷ್ಯನಿಗೆ ಕಣ್ಣು ಕಾಣುವುದಿಲ್ಲ. ಹುಟ್ಟಿನಿಂದ ಹಾಗಲ್ಲ. ಕಾಲೇಜಿನಲ್ಲಿದ್ದಾಗ ಸಂಜೆಯಾದರೆ ಎಡವುತ್ತಿದ್ದ, ಅಷ್ಟೇ. ಆಮೇಲೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ ಡಾಕ್ಟರು, ಇದು ನಿಧಾನಕ್ಕೆ ಪೂರ್ತಿ ಹೋಗುವ ದೃಷ್ಟಿ, ತಡೆಯಲು ಔಷಧಿಯಿಲ್ಲ ಎಂದರು. ಆಗ ಅವನಿಗೆ ನಿಶ್ಚಿತಾರ್ಥವಾಗಿತ್ತು. ಮನೆಯವರೆಲ್ಲ ಬೇಡ ಬೇಡ ಅಂದರೂ ಕೇಳದೆ ಹುಡುಗಿಯ ಮನೆಗೆ ಹೋಗಿ ವಿಷಯ ತಿಳಿಸಿ ಬಂದ. ಅವರು ಒಳ್ಳೆಯ ಕಾಫಿ ಕೊಟ್ಟರು, ಬಾಗಿಲವರೆಗೂ ಬಂದು ಕಳಿಸಿಕೊಟ್ಟರು, ವಾರದೊಳಗೆ ಸಂಬಂಧ ಮುರಿದರು. ಇದ್ದದ್ದು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂಬ ಗಾದೆಯನ್ನು ಅವನು ಅವತ್ತಿನಿಂದ ಗಟ್ಟಿಯಾಗಿ ಹಿಡಿದುಕೊಂಡ. ಗಾದೆಗಳನ್ನು ಅಷ್ಟು ಗಟ್ಟಿಯಾಗಿ ಹಿಡಿಯಬಾರದು, ಆದರೆ ಅವನಿಗೆ ಅದನ್ನು ಹೇಳುವವರು ಯಾರಿದ್ದರು?

ವರ್ಕ್ ಪರ್ಮಿಟ್ ಸಿಕ್ಕಿ ಐರ್ಲೆಂಡಿಗೆ ಬಂದಾಗ ಹಗಲು ಹೊತ್ತು ಚೆನ್ನಾಗಿಯೇ ಕಾಣುತ್ತಿತ್ತು. ಬಂದರಿನ ಉದ್ದನೆಯ ಕಟ್ಟೆಯನ್ನೂ ಅದರ ತುದಿಯ ದೀಪಸ್ತಂಭವನ್ನೂ ಅವನು ಕಣ್ಣಾರೆ ನೋಡಿದ್ದಾನೆ. ಆಮೇಲೆ ಎರಡೂ ಬದಿಯಿಂದ ಬಾಗಿಲು ಮುಚ್ಚಿಕೊಂಡು ಬಂದ ಹಾಗೆ ಬಂದು, ಒಂದು ದಿನ ನಡುವಿನ ಸಂದೂ ಮುಚ್ಚಿತು. ಕೆಲಸ ಹೋಗಲಿಲ್ಲ, ಕೆಲಸದ ರೀತಿ ಬದಲಾಯಿತು. ಈಗ ಅವನು ಬೇರೆಯವರು ಕಟ್ಟಿದ ವೆಬ್‌ಸೈಟುಗಳನ್ನು ಮನೆಯಲ್ಲೇ ಕೂತು ಪರೀಕ್ಷಿಸುತ್ತಾನೆ. ಕಣ್ಣಿಲ್ಲದವರಿಗೆ ಅವು ಬಳಸಲು ಬರುತ್ತವೋ ಇಲ್ಲವೋ ನೋಡಿ ಹೇಳುವುದು ಅವನ ಉದ್ಯೋಗ. ನೋಡಿ ಅಂದರೆ ಕೇಳಿ. ಪರದೆಯ ಮೇಲೆ ಏನಿದೆಯೋ ಅದನ್ನೆಲ್ಲ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ ಓದಿ ಹೇಳುತ್ತದೆ. ಅವನದು ಎಷ್ಟು ವೇಗವಾಗಿ ಓದುತ್ತದೆಂದರೆ ಒಮ್ಮೆ ಗ್ಯಾಸ್ ರಿಪೇರಿಗೆ ಬಂದವನು, ನಿಮ್ಮ ರೇಡಿಯೋ ಕೆಟ್ಟಿದೆ ಎಂದು ಹೇಳಿ ಹೋದ.

ಕಣ್ಣಿದ್ದವರು ಒಂದು ಪುಟವನ್ನು ಮೇಲಿಂದ ಕೆಳಕ್ಕೆ ಒಮ್ಮೆ ನೋಡಿ ಬೇಕಾದ ಕಡೆ ಬೆರಳಿಡುತ್ತಾರೆ. ಕಣ್ಣಿಲ್ಲದವರ ಪಾಡು ಬೇರೆ. ಪುಟದ ತಲೆಯಿಂದ ಶುರುವಾಗಿ ಕಂಪನಿಯ ಹೆಸರು, ಮೆನು, ನಮ್ಮನ್ನು ಸಂಪರ್ಕಿಸಿ, ಕುಕೀ ಒಪ್ಪುತ್ತೀರಾ, ಭಾಷೆ ಬದಲಿಸಿ, ಎಲ್ಲವನ್ನೂ ಕೇಳಿಕೊಂಡು ಬರಬೇಕು. ಮುಂದಿನ ಪುಟಕ್ಕೆ ಹೋದರೆ ಹಾಡಿದ್ದೇ ಹಾಡೋ ಕಿಸಬಾಯಿ ದಾಸ, ಮತ್ತೆ ಕಂಪನಿಯ ಹೆಸರಿನಿಂದಲೇ ಶುರು. ಅದಕ್ಕೆಂದೇ ಕೀಲಿಮಣೆಯಲ್ಲಿ ಅಡ್ಡದಾರಿಗಳಿವೆ. ಎಚ್ ಒತ್ತಿದರೆ ನೇರ ಮುಂದಿನ ತಲೆಬರಹಕ್ಕೆ ಹಾರಬಹುದು. ಬಿ ಒತ್ತಿದರೆ ಮುಂದಿನ ಬಟನ್, ಕೆ ಒತ್ತಿದರೆ ಮುಂದಿನ ಲಿಂಕ್. ಇವು ಗೊತ್ತಿಲ್ಲದವರು ಟ್ಯಾಬ್ ಕೀ, ಕೆಳಬಾಣದ ಕೀ ಒತ್ತುತ್ತ, ಕೊಂಕಣ ಸುತ್ತಿ ಮೈಲಾರಕ್ಕೆ ಬರುತ್ತಾರೆ. ಗೊತ್ತಿದ್ದವರು ಕಣ್ಣಿದ್ದವರಿಗಿಂತ ಬೇಗ ಕೆಲಸ ಮುಗಿಸುತ್ತಾರೆ.

ಇದನ್ನು ಹೊಸದಾಗಿ ಕಣ್ಣು ಕಳೆದುಕೊಂಡವರಿಗೆ ಫೋನಿನಲ್ಲಿ ಕಲಿಸುವ ಒಂದು ಸಣ್ಣ ಸಂಘವಿದೆ. ವಿಶ್ವೇಶ್ವರ ಅದರಲ್ಲಿ ಮಂಗಳವಾರದ ಮೇಷ್ಟ್ರು. ಸಂಬಳವಿಲ್ಲ. ಕಲಿಯುವವರು ಸಂಜೆ ಅವನಿಗೆ ಫೋನ್ ಮಾಡಿ, ಫೋನನ್ನು ಲ್ಯಾಪ್‌ಟಾಪಿನ ಪಕ್ಕ ಇಡುತ್ತಾರೆ. ಅವರ ಕೀ ಒತ್ತುವ ಸದ್ದು, ಅವರ ಯಂತ್ರದ ಮಾತು ಎರಡೂ ಅವನಿಗೆ ಕೇಳುತ್ತವೆ, ಅದರ ಮೇಲೆ ಅವನು ಪಾಠ ಹೇಳುತ್ತಾನೆ. ಸಂಘದ್ದು ಒಂದೇ ನಿಯಮ: ಶಿಷ್ಯರೇ ಫೋನ್ ಮಾಡಬೇಕು, ಮೇಷ್ಟ್ರು ತಾವಾಗಿ ಮಾಡಬಾರದು. ಸಂಘ ನಡೆಸುವ ಓರ್ಲಾ ಎಂಬಾಕೆ ಹೊಸ ಮೇಷ್ಟ್ರಿಗೆಲ್ಲ ಹೇಳುವುದು ಒಂದೇ ಮಾತು, ಶಿಷ್ಯರು ಫೋನ್ ಮಾಡುವುದನ್ನು ನಿಲ್ಲಿಸಿದರೆ ನಿಮ್ಮ ಪಾಠ ಚೆನ್ನಾಗಿತ್ತು ಅಂತ ಅರ್ಥ.

ವಿಶ್ವೇಶ್ವರನ ಪಾಠ ತುಂಬ ಚೆನ್ನಾಗಿತ್ತು. ಅದೇ ಅವನ ಗ್ರಹಚಾರ. ರಾಸ್‌ಕಾಮನ್ ಕಡೆಯ ಒಬ್ಬ ವಿಧವೆ ತನ್ನ ಕುರಿಗಳ ಹೆಸರನ್ನೆಲ್ಲ ಅವನಿಗೆ ಹೇಳಿದ್ದಳು, ನಾಲ್ಕು ಪಾಠ ಕಲಿತಳು, ಈ ದೇಶದವರು ಎಲ್ಲದಕ್ಕೂ ಹೇಳುವ ಹಾಗೆ ಗ್ರ್ಯಾಂಡ್, ಥ್ಯಾಂಕ್ಸ್ ಎ ಮಿಲಿಯನ್ ಎಂದಳು, ಆಮೇಲೆ ಸುದ್ದಿಯಿಲ್ಲ. ಲಿಮೆರಿಕ್‌ನ ಒಬ್ಬ ನಿವೃತ್ತ ನರ್ಸ್ ಪ್ರತಿ ವಾರ ಆಸ್ಪತ್ರೆಯ ಒಂದು ಕಥೆ ಹೇಳುತ್ತಿದ್ದಳು, ಅವಳೂ ಕಲಿತಳು, ಹೋದಳು. ಹೋಗಬೇಕಾದ್ದೇ. ಮುಂದಿನ ಮಂಗಳವಾರ ಬೇರೆ ದನಿ, ಮತ್ತೆ ಟ್ಯಾಬ್ ಎಲ್ಲಿದೆ ಎಂಬಲ್ಲಿಂದ ಶುರು. ವಾರದ ಉಳಿದ ದಿನಗಳಲ್ಲಿ ಅವನ ಜೊತೆ ಮಾತಾಡುತ್ತಿದ್ದುದು ಯಂತ್ರ ಒಂದೇ.

ಬೇರೆ ಜನ ಇರಲಿಲ್ಲವೆಂದಲ್ಲ. ಬಿಳಿ ಕೋಲು ಹಿಡಿದು ಬಂದರಿನ ಕಟ್ಟೆಯ ಮೇಲೆ ನಡೆಯುವಾಗ ಎದುರಾದವರು, ಒಳ್ಳೆಯ ಬಿಸಿಲು ಅಲ್ಲವೇ ಎನ್ನುತ್ತಾರೆ, ಅವನು ಹೌದು ಎನ್ನುವಷ್ಟರಲ್ಲಿ ದಾಟಿ ಹೋಗಿರುತ್ತಾರೆ. ನಾಯಿಯೊಂದಿದ್ದಿದ್ದರೆ ನಾಯಿಯನ್ನಾದರೂ ನಿಂತು ಮಾತಾಡಿಸುತ್ತಿದ್ದರು. ಕನ್ನಡ ಬಳಗದ ರಾಜ್ಯೋತ್ಸವಕ್ಕೂ ಒಮ್ಮೆ ಹೋಗಿದ್ದ. ದಿಲೀಪ್ ಎಂಬ ಸಜ್ಜನರೊಬ್ಬರು ಕಾರಿನಲ್ಲಿ ಕರೆದುಕೊಂಡು ಹೋಗಿ, ಮುಂದಿನ ಸಾಲಿನಲ್ಲಿ ಕೂರಿಸಿ, ಬಿಸಿಬೇಳೆಬಾತಿನ ತಟ್ಟೆಯನ್ನು ಕೈಗೇ ಕೊಟ್ಟರು. ಎಲ್ಲರೂ ಬಂದು ಅವನಿಗೆ ಕಿವಿಯೂ ಕೇಳಿಸದೇನೋ ಎಂಬಂತೆ ಗಟ್ಟಿಯಾಗಿ, ಊಟ ಆಯ್ತಾ ಸರ್ ಎಂದು ಕೇಳಿದರು. ಊಟದ ನಂತರ ಕೇಳಲು ಅವರಿಗೆ ಏನೂ ಹೊಳೆಯಲಿಲ್ಲ. ಮುಂದಿನ ವರ್ಷ ನೆಗಡಿ ಎಂದು ಹೇಳಿ ಮನೆಯಲ್ಲೇ ಉಳಿದ.

ಹೀಗಿರುವಾಗ ಒಂದು ಮಂಗಳವಾರ ಬಂದ ಫೋನಿನ ದನಿ, ತಡೆದು ತಡೆದು ಇಂಗ್ಲಿಷಿನಲ್ಲಿ ಹೆಸರು ನಿಗಾರ್, ಊರು ಸ್ವೋರ್ಡ್ಸ್ ಎಂದು ಹೇಳಿ, ನಿಮ್ಮ ಹೆಸರು ಎಂದು ಕೇಳಿತು. ಇವನು ಪೂರ್ತಿ ಹೆಸರು ಹೇಳಿದ. ಆ ಕಡೆಯಿಂದ ಹುಬ್ಬಳ್ಳಿಯೇ ಫೋನಿನಲ್ಲಿ ಹರಿದು ಬಂತು.

"ಏನ್ರೀ, ನಮ್ಮ ಕಡೆಯವ್ರೇನ್ರಿ ನೀವು? ಮೊದ್ಲ ಹೇಳಬಾರದೇನ್ರೀ, ಇಂಗ್ಲಿಷ್ ಮಾತಾಡಿ ಮಾತಾಡಿ ಬಾಯಿ ಒಣಗಿ ಹೋತು."

ನಿಗಾರ್ ಹುಬ್ಬಳ್ಳಿಯಲ್ಲಿ ಕನ್ನಡ ಪ್ರಾಥಮಿಕ ಶಾಲೆಯ ಟೀಚರಾಗಿದ್ದವಳು. ಗಂಡ ನಾಸಿರ್ ವಿಮಾನ ನಿಲ್ದಾಣದ ಬಳಿ ಸಾಮಾನು ಸಾಗಿಸುವ ವ್ಯಾಪಾರ ಮಾಡುತ್ತಾನೆ, ಬೆಳಗಾಗುವ ಮೊದಲೇ ಹೋದರೆ ಸಂಜೆಗೇ ಬರುವುದು. ಮಗಳು ಅರ್ಷಿಯಾ ಇಲ್ಲೇ ಹುಟ್ಟಿದವಳು. ತಾಯಿಯ ಕನ್ನಡ ಅವಳಿಗೆ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಐರಿಶ್ ರಾಗದ ಇಂಗ್ಲಿಷಿನಲ್ಲಿ. ಎರಡು ವರ್ಷದ ಹಿಂದೆ ಜ್ವರ ಬಂದು ಬಿಟ್ಟ ಮೇಲೆ ನಿಗಾರಳ ಕಣ್ಣಿನ ನರ ಸೋತುಹೋಯಿತು. ಅಂದಿನಿಂದ ಆಕೆಗೆ ಬಂದ ಮೇಲ್ ಎಲ್ಲ ಮಗಳು ಓದಿ ಹೇಳಬೇಕು, ಡಾಕ್ಟರದ್ದೂ, ಬ್ಯಾಂಕಿನದ್ದೂ, ಹುಬ್ಬಳ್ಳಿಯ ಅಕ್ಕ ಬರೆದ ಅಳುವಿನದ್ದೂ. ಹತ್ತು ವರ್ಷದ ಹುಡುಗಿ ಅದನ್ನೆಲ್ಲ ಓದಬಾರದು ಎಂಬುದು ನಿಗಾರಳ ಹಟ. ತಾನೇ ಓದಬೇಕು, ಸಾಧ್ಯವಾದರೆ ಒಂದು ಕೆಲಸವನ್ನೂ ಹಿಡಿಯಬೇಕು. ವಿಮಾನ ನಿಲ್ದಾಣದ ಪಕ್ಕದ ಒಂದು ಕಂಪನಿಯಲ್ಲಿ ಪ್ರಯಾಣಿಕರ ಮೇಲ್‌ಗಳಿಗೆ ಉತ್ತರ ಬರೆಯುವ ಕೆಲಸವಿತ್ತು, ಅದಕ್ಕೆ ಆನ್‌ಲೈನ್ ಪರೀಕ್ಷೆಯಿತ್ತು.

ಮೊದಲ ಮಂಗಳವಾರ ವಿಶ್ವೇಶ್ವರ ಎಲ್ಲರಿಗೂ ಕಲಿಸುವ ಹಾಗೆಯೇ ಟ್ಯಾಬ್ ಮತ್ತು ಬಾಣದ ಕೀಗಳನ್ನು ಕಲಿಸಿದ. ಎರಡನೆಯ ಮಂಗಳವಾರ ಎಚ್ ಕಲಿಸಬೇಕಿತ್ತು. ಆದರೆ ನಿಗಾರ್ ಗಿರ್ಮಿಟ್ಟಿನ ವಿಷಯ ತೆಗೆದಳು. ಸ್ವೋರ್ಡ್ಸ್‌ನಲ್ಲಿ ಸಿಗುವ ಮಂಡಕ್ಕಿಯಲ್ಲಿ ಗಿರ್ಮಿಟ್ಟು ಮಾಡಿದರೆ ಅದು ಯಾಕೆ ಗಿರ್ಮಿಟ್ಟಾಗುವುದಿಲ್ಲ ಎಂಬ ವಿಚಾರದಲ್ಲಿ ಹೊತ್ತು ಹೋದದ್ದೇ ತಿಳಿಯಲಿಲ್ಲ. ವಿಶ್ವೇಶ್ವರ ಜೋರಾಗಿ ನಕ್ಕ. ತನ್ನ ಫ್ಲಾಟಿನಲ್ಲಿ ತನ್ನದೇ ನಗು ಕೇಳಿ ಅವನಿಗೆ ವಿಚಿತ್ರವೆನಿಸಿತು. ಫೋನಿಟ್ಟ ಮೇಲೆ ಎಚ್ ನೆನಪಾಯಿತು, ಮುಂದಿನ ವಾರ ಆಗಲಿ ಅಂದುಕೊಂಡ.

ಮೂರನೆಯ ವಾರ ಎಚ್ ನೆನಪಿತ್ತು. ಆದರೂ ಹೇಳಲಿಲ್ಲ. ಇದನ್ನು ಮರೆವು ಎಂದು ನಾನು ಮುಚ್ಚಿಡುವುದಿಲ್ಲ. ಎಚ್ ಹೇಳಿಕೊಟ್ಟರೆ ಬಿ, ಕೆ ಎಲ್ಲ ಅದರ ಬೆನ್ನಿಗೇ ಬರುತ್ತವೆ, ಟೀಚರಾಗಿದ್ದ ಚುರುಕಿನ ಹೆಂಗಸು, ಮೂರು ವಾರಕ್ಕೆ ಎಲ್ಲ ಕಲಿತು ಗ್ರ್ಯಾಂಡ್ ಎಂದು ಹೇಳಿ ಹೊರಟುಹೋಗುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಅಷ್ಟೇ ಅಲ್ಲ, ಇನ್ನೊಂದು ಕೀಯೂ ಇದೆ. ಇನ್ಸರ್ಟ್ ಕೀ ಹಿಡಿದು ಅಂಕಿ ಒಂದನ್ನು ಒತ್ತಿದರೆ ಕೀಲಿಮಣೆ ಪಾಠಶಾಲೆಯಾಗುತ್ತದೆ. ಆಮೇಲೆ ಯಾವ ಕೀ ಒತ್ತಿದರೂ ಅದು ಕೆಲಸ ಮಾಡುವುದಿಲ್ಲ, ತನ್ನ ಕೆಲಸವೇನೆಂದು ಹೇಳುತ್ತದೆ, ಅಷ್ಟೇ. ಅದೊಂದು ಗೊತ್ತಿದ್ದರೆ ಮೇಷ್ಟ್ರೇ ಬೇಡ. ಅದು ಆಕೆಯ ಬೆರಳಿಗೆ ಅಕಸ್ಮಾತ್ ಸಿಕ್ಕೀತೆಂದು ಅವನು, ಬೇರೆ ಕೀ ಯಾವುದೂ ಮುಟ್ಟಬೇಡಿ, ಯಂತ್ರ ಕೆಟ್ಟು ಕೂತರೆ ಕಷ್ಟ ಎಂದು ಹೇಳಿಟ್ಟ. ಆಕೆ ನಂಬಿದಳು.

ಹೀಗೆ ಚಳಿಗಾಲ ಪೂರ್ತಿ ಕಳೆಯಿತು. ಪಾಠ ಮೊಳದಷ್ಟು ನಡೆದರೆ ಮಾತು ಮಾರುದ್ದ. ಹುಬ್ಬಳ್ಳಿಯ ದುರ್ಗದ ಬೈಲಿನ ಸಂತೆ, ಸ್ಟೇಷನ್ ರಸ್ತೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಆಕೆಯ ತಂದೆ, ಹಾಲು ಉಕ್ಕುವುದನ್ನು ಕಿವಿಯಿಂದ ಕಂಡುಹಿಡಿಯುವ ಬಗೆ, ಬಸ್ಸಿನಲ್ಲಿ ಪಕ್ಕ ಕೂತು ತನ್ನ ಬದಲು ಮಗಳನ್ನೇ ಮಾತಾಡಿಸುವವರು. ಅವನೂ ಬಾಯಿ ಬಿಟ್ಟ. ಮುರಿದ ಸಂಬಂಧದ ಕಥೆಯನ್ನು ಈ ದೇಶದಲ್ಲಿ ಮೊದಲ ಬಾರಿಗೆ ಹೇಳಿದ್ದು ಆಕೆಗೇ. ಆಕೆ ಅಯ್ಯೋ ಪಾಪ ಅನ್ನಲಿಲ್ಲ, ಕಾಫಿ ಕುಡಿಸಿ ಕಳಿಸಿದರಲ್ಲ, ಅಷ್ಟರಮಟ್ಟಿಗೆ ಒಳ್ಳೆಯವರು ಎಂದಳು. ಅದು ಅವನಿಗೆ ಬಹಳ ಹಿಡಿಸಿತು. ಮಂಗಳವಾರ ಬೆಳಿಗ್ಗೆ ಗಡ್ಡ ಬೋಳಿಸಿಕೊಳ್ಳುವ ಅಭ್ಯಾಸವಾಯಿತು. ಫೋನಿನಲ್ಲಿ ಮಾತಾಡುವ ಕುರುಡನಿಗೆ, ಆ ಕಡೆ ಇನ್ನೊಬ್ಬ ಕುರುಡಿ, ಗಡ್ಡ ಇದ್ದರೇನು ಬಿಟ್ಟರೇನು ಎಂದು ಕೇಳಬೇಡಿ. ಇದು ಪ್ರೀತಿಯಲ್ಲ, ಆ ಅರ್ಥದ್ದಲ್ಲ. ವಾರಕ್ಕೊಮ್ಮೆ ಒಬ್ಬರು ತನ್ನ ಪೂರ್ತಿ ಹೆಸರು ಹಿಡಿದು ಕರೆಯುತ್ತಾರೆ ಎಂಬ ಸಂತೋಷ ಅದು.

ಪರೀಕ್ಷೆ ಮಾರ್ಚ್ ತಿಂಗಳ ಒಂದು ಗುರುವಾರ ಗೊತ್ತಾಯಿತು. ಅದರ ಹಿಂದಿನ ಮಂಗಳವಾರ ಎಚ್ ಹೇಳಿಯೇ ತೀರುವುದೆಂದು ಅವನು ನಿರ್ಧಾರ ಮಾಡಿದ್ದ. ಅಂದು ನಿಗಾರ್ ಹೆದರಿದ್ದಳು. ಹೆದರಿಕೆಗೆ ತನ್ನ ಶಾಲೆಯ ಮಕ್ಕಳ ಕಥೆ ಹೇಳಿದಳು, ಪರೀಕ್ಷೆಯ ದಿನ ಅವರು ಹೆದರಿದರೆ ತಾನು ಕೊಡುತ್ತಿದ್ದ ಕಲ್ಲುಸಕ್ಕರೆಯ ಕಥೆ. ಹೇಳಿ ಹೇಳಿ ಕೊನೆಗೆ, ನಿಮ್ಮ ಜೋಡಿ ಮಾತಾಡಿದರ ನನಗ ಧೈರ್ಯ ಬರತೈತ್ರಿ ಎಂದಳು. ಆ ಮಾತು ಕೇಳಿದ ಮೇಲೆ ಅವನ ಬಾಯಿಗೆ ಎಚ್ ಬರಲೇ ಇಲ್ಲ. ಕಣ್ಣಿಲ್ಲದವರಿಗೆ ಹೆಚ್ಚಿನ ಸಮಯ ಕೊಡುತ್ತಾರೆ, ಹೇಗೋ ಆಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ವೆಬ್‌ಸೈಟ್ ಪರೀಕ್ಷೆ ಮಾಡುವುದೇ ಉದ್ಯೋಗವಾದ ಮನುಷ್ಯನಿಗೆ ಹೇಗೋ ಆಗುವುದಿಲ್ಲವೆಂದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು.

ಆಗಲಿಲ್ಲ. ಪರೀಕ್ಷೆಯಲ್ಲಿ ಪ್ರತಿ ಪ್ರಶ್ನೆಗೂ ಹೊಸ ಪುಟ ತೆರೆಯುತ್ತಿತ್ತು. ಪ್ರತಿ ಪುಟದಲ್ಲೂ ನಿಗಾರ್ ಕಂಪನಿಯ ಹೆಸರಿನಿಂದ ಹಿಡಿದು ಕುಕೀವರೆಗೆ ಕೇಳಿಕೊಂಡು, ಕೆಳಬಾಣ ಒತ್ತುತ್ತ ಒತ್ತುತ್ತ ಪ್ರಶ್ನೆಗೆ ಬಂದು ಉತ್ತರ ಕೊಟ್ಟಳು. ಹೆಚ್ಚಿನ ಸಮಯವೂ ಮುಗಿದಾಗ ಅರ್ಧ ಪ್ರಶ್ನೆಗಳಿಗೆ ತಲುಪಿರಲೇ ಇಲ್ಲ. ತಲುಪಿದವುಗಳ ಉತ್ತರ ಎಲ್ಲ ಸರಿಯಿತ್ತು. ಮುಂದಿನ ಮಂಗಳವಾರ ಇದನ್ನು ಹೇಳುವಾಗ ಆಕೆಯ ದನಿ ಸಣ್ಣದಾಗಿತ್ತು. ತನ್ನ ಕೈಯೇ ನಿಧಾನ, ಇಷ್ಟು ವಯಸ್ಸಿಗೆ ಇದೆಲ್ಲ ಕಲಿಯಲು ಹೋದದ್ದೇ ತಪ್ಪು, ಮಗಳು ಓದಿ ಹೇಳುವುದು ತಪ್ಪಲಿಲ್ಲ ಎಂದಳು. ಮೂರು ತಿಂಗಳಿಗೆ ಇನ್ನೊಂದು ಅವಕಾಶವಿದೆ, ಅಲ್ಲಿಯವರೆಗೂ ನಿಮಗೆ ತೊಂದರೆ ಕೊಡುತ್ತೇನೆ ಎಂದೂ ಸೇರಿಸಿದಳು.

ಅಲ್ಲಿಯವರೆಗೂ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ವಿಶ್ವೇಶ್ವರನಿಗೆ ಖುಷಿಯಾಯಿತು. ಮರುಕ್ಷಣವೇ, ಒಬ್ಬ ಹೆಂಗಸು ಸೋತು ಕುಗ್ಗಿರುವಾಗ ಸಂತೋಷಪಡುವ ಮಟ್ಟಕ್ಕೆ ತಾನು ಇಳಿದಿದ್ದೇನೆ ಎಂದು ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಆದರೂ ಸಮಾಧಾನದ ನಾಲ್ಕು ಮಾತು ಹೇಳಿ ಫೋನಿಟ್ಟ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುತ್ತಾರೆ, ಆ ವಾರ ಅವನ ಮನಸ್ಸು ಹಾಗೇ ಇತ್ತು. ಕಟ್ಟೆಯ ಮೇಲೆ ನಡೆಯಲು ಹೋಗಿ ಅರ್ಧದಿಂದ ಹಿಂತಿರುಗಿದ.

ಅದೇ ವಾರ ಶನಿವಾರ, ಯಾವತ್ತೂ ಇಲ್ಲದ್ದು, ನಿಗಾರಳ ಫೋನ್ ಬಂತು. ದನಿಯಲ್ಲಿ ಹಬ್ಬವಿತ್ತು. ಸ್ವೋರ್ಡ್ಸ್ ಗ್ರಂಥಾಲಯದಲ್ಲಿ ಕಣ್ಣಿಲ್ಲದವರು ಚಹಾಕ್ಕೆ ಸೇರುತ್ತಾರೆಂದು ನಾಸಿರ್ ಕರೆದುಕೊಂಡು ಹೋಗಿದ್ದನಂತೆ. ಅಲ್ಲಿ ಒಬ್ಬ ಮುದುಕಿ ಇವಳ ಪರೀಕ್ಷೆಯ ಕಥೆ ಕೇಳಿ, ಹಾಗಾದರೆ ನೀನು ಎಚ್ ಒತ್ತಲಿಲ್ಲವೇ ಎಂದಳಂತೆ.

"ಸರ್, ಎಚ್ ಒತ್ರಿ. ಒಂದ ಸಲ ಒತ್ತಿದ್ರ ಸಾಕು, ಮ್ಯಾಲಿನ ಪುರಾಣ ಎಲ್ಲಾ ಬಿಟ್ಟು ನೆಟ್ಟಗ ಪ್ರಶ್ನೆಗೇ ಹಾರತೈತ್ರಿ. ಪಾಪ, ನಿಮಗೂ ಯಾರೂ ಹೇಳಿಕೊಟ್ಟಿಲ್ಲ ಕಾಣತೈತಿ. ಇಷ್ಟ ವರ್ಷ ನೀವೂ ನನ್ನಂಗ ಟ್ಯಾಬ್ ಒತ್ತಿ ಒತ್ತಿ ಬೆರಳ ಸವೆಸೀರಿ. ಅದಕ್ಕ ಮಂಗಳವಾರದ ತನಕ ಕಾಯಬಾರ್ದು ಅಂತ ಈಗ ಮಾಡೀನ್ರಿ."

ಹೌದಾ, ನಂಗೆ ಗೊತ್ತೇ ಇರ್ಲಿಲ್ಲ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆಕೆಗೂ ಹೆಮ್ಮೆ, ಇವನಿಗೂ ಮಂಗಳವಾರ ಉಳಿಯುತ್ತಿತ್ತು. ಮೇಷ್ಟ್ರ ಮರ್ಯಾದೆ ಸ್ವಲ್ಪ ಹೋಗುತ್ತಿತ್ತು, ಹೋಗಲಿ. ಮಾತು ತುದಿನಾಲಿಗೆಗೆ ಬಂದಿತ್ತು. ಆದರೆ ಆಕೆ ತನಗಾಗಿ ಶನಿವಾರ ಫೋನ್ ಮಾಡಿದ್ದಳು, ತನ್ನ ಬೆರಳಿಗಾಗಿ ಪಾಪ ಎಂದಿದ್ದಳು. ಅದನ್ನು ನುಂಗಿಕೊಂಡು ಸುಳ್ಳು ಹೇಳುವಷ್ಟು ಅವನು ಕೆಟ್ಟಿರಲಿಲ್ಲ.

"ನಂಗೆ ಗೊತ್ತಿತ್ತಮ್ಮ," ಎಂದ. "ಮೊದಲಿಂದಾನೂ ಗೊತ್ತಿತ್ತು."

ಆಕೆಯ ಅಡುಗೆಮನೆಯಲ್ಲಿ ನಲ್ಲಿಯ ನೀರು ಬೀಳುವುದು ಕೇಳುತ್ತಿತ್ತು. ಆಮೇಲೆ ಅದನ್ನು ನಿಲ್ಲಿಸಿದ್ದು ಕೇಳಿಸಿತು.

"ಮತ್ತ ಪರೀಕ್ಷಾಕ್ಕ ಮುಂಚೆ ಯಾಕ ಹೇಳಲಿಲ್ರಿ?"

"ಹೇಳಿದ್ರೆ ನೀವು ಕಲಿತುಬಿಡ್ತೀರಿ. ಕಲಿತ ಮೇಲೆ ಫೋನ್ ಮಾಡೋದು ನಿಂತು ಹೋಗುತ್ತೆ ಅಂತ."

"ನಾನೂ ಟೀಚರ್ ಇದ್ದಾಕಿ ರೀ," ಎಂದಳು ನಿಗಾರ್. ದನಿ ಏರಿರಲಿಲ್ಲ. "ಭಾಳ ಮಂದಿ ಹುಡುಗೂರ ಮ್ಯಾಲೆ ಜೀವ ಇತ್ತು ನಂದು. ಮುಂದಿನ ಕ್ಲಾಸಿಗೆ ಹೋಗಬಾರ್ದು ಅಂತ ಒಬ್ಬರನ್ನೂ ಫೇಲ್ ಮಾಡಿಲ್ಲ."

ಫೋನ್ ಕಟ್ಟಾಯಿತು. ಮುಂದಿನ ಮಂಗಳವಾರ ಅವನು ಗಡ್ಡ ಬೋಳಿಸಿಕೊಂಡು ಕೂತಿದ್ದ, ಫೋನ್ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಓರ್ಲಾಳಿಗೆ ಎಲ್ಲವನ್ನೂ ಹೇಳಿ, ನನ್ನನ್ನು ಈ ಕೆಲಸದಿಂದ ತೆಗೆದುಬಿಡಿ ಎಂದ. ಆಕೆ, ಮಂಗಳವಾರಕ್ಕೆ ಬೇರೆ ಯಾರೂ ಇಲ್ಲ, ಇನ್ನು ಮುಂದೆ ನೆಟ್ಟಗೆ ಕಲಿಸು ಎಂದಳು. ಬೈದಿದ್ದರೆ ಹಗುರಾಗುತ್ತಿತ್ತು. ಆ ದಿನಗಳಲ್ಲಿ ಅವನು ಇನ್ಸರ್ಟ್ ಹಿಡಿದು ಒಂದನ್ನು ಒತ್ತಿ, ಸುಮ್ಮನೆ ಒಂದೊಂದೇ ಕೀ ಒತ್ತುತ್ತ ಕೂರುತ್ತಿದ್ದ. ಯಂತ್ರ ಎಲ್ಲದಕ್ಕೂ ಉತ್ತರ ಕೊಡುತ್ತಿತ್ತು, ಯಾವುದನ್ನೂ ಮಾಡುತ್ತಿರಲಿಲ್ಲ. ಅಷ್ಟಾದರೂ ಸದ್ದಿದೆಯಲ್ಲ ಅನ್ನಿಸುತ್ತಿತ್ತು.

ಜೂನ್ ತಿಂಗಳ ಮೊದಲ ಮಂಗಳವಾರ ಫೋನು ಬಂತು, ನಿಗಾರಳದ್ದೇ. ನಮಸ್ಕಾರವಿಲ್ಲ, ಹೇಗಿದ್ದೀರಿ ಇಲ್ಲ. ಇದೇ ವಾರ ಎರಡನೆಯ ಪರೀಕ್ಷೆ, ನಿಮಗೆ ಗೊತ್ತಿರುವ ಕೀ ಎಲ್ಲ ಹೇಳಿ, ಒಂದನ್ನೂ ಇಟ್ಟುಕೊಳ್ಳಬೇಡಿ ಎಂದಳು. ಫೋನನ್ನು ಲ್ಯಾಪ್‌ಟಾಪಿನ ಪಕ್ಕ ಇಟ್ಟ ಸದ್ದಾಯಿತು. ವಿಶ್ವೇಶ್ವರ ಹೇಳತೊಡಗಿದ. ಬಟನ್ನಿಗೆ, ಲಿಂಕಿಗೆ, ಉತ್ತರ ಬರೆಯುವ ಪೆಟ್ಟಿಗೆಗೆ, ಆಯ್ಕೆಯ ಗುಂಡಿಗಳಿಗೆ, ಹಿಂದಕ್ಕೆ ಹಾರಲು ಶಿಫ್ಟ್ ಹಿಡಿಯುವುದು, ಪುಟದ ತಲೆಬರಹಗಳನ್ನೆಲ್ಲ ಒಟ್ಟಿಗೆ ತೆರೆದು ನೋಡುವುದು, ಯಂತ್ರದ ಮಾತನ್ನು ಅರ್ಧದಲ್ಲಿ ನಿಲ್ಲಿಸುವುದು, ವೇಗ ಏರಿಸುವುದು. ಇಡೀ ಚಳಿಗಾಲದಲ್ಲಿ ಕಲಿಸದ್ದನ್ನು ಒಂದೇ ಸಂಜೆಯಲ್ಲಿ ಕಲಿಸಿದ. ಆಕೆ ಒತ್ತಿದಳು, ತಪ್ಪಿದಳು, ಮತ್ತೆ ಒತ್ತಿದಳು. ಎಷ್ಟು ಚುರುಕಾಗಿ ಹಿಡಿದಳೆಂದರೆ ಅವನಿಗೆ ನಾಚಿಕೆಯಾಯಿತು. ಗಿರ್ಮಿಟ್ಟಿಲ್ಲ, ದುರ್ಗದ ಬೈಲಿಲ್ಲ, ಆ ಕಡೆಯಿಂದ ಕೀಗಳ ಸದ್ದು ಮತ್ತು ಯಂತ್ರದ ದನಿ ಮಾತ್ರ.

ಕೊನೆಗೆ ಇನ್ಸರ್ಟ್ ಮತ್ತು ಒಂದು ಉಳಿಯಿತು. ಅದನ್ನೂ ಹೇಳಿ, "ಇದನ್ನ ಮೊದಲನೇ ದಿನಾನೇ ಹೇಳ್ಬೇಕಿತ್ತು. ಇದಿದ್ರೆ ನಿಮಗೆ ಯಾರೂ ಬೇಕಾಗಿಲ್ಲ," ಎಂದ.

ಆಕೆ ಒತ್ತಿ ನೋಡಿದಳು. ಆಮೇಲೆ ಒಂದಷ್ಟು ಹೊತ್ತು ಒಂದೊಂದೇ ಕೀ ಒತ್ತುತ್ತ ಹೋದಳು, ಯಂತ್ರ ಒಂದೊಂದರ ಕೆಲಸವನ್ನೂ ಹೇಳುತ್ತ ಹೋಯಿತು. ಇಬ್ಬರೂ ಕೇಳುತ್ತ ಕೂತರು. ಆಮೇಲೆ ಆಕೆ ಫೋನನ್ನು ಕೈಗೆತ್ತಿಕೊಂಡಳು.

"ಸುಮ್ನ ಮಾತಾಡಾಕ ಫೋನ್ ಮಾಡ್ರಿ ಅಂತ ಒಂದ ಮಾತು ಅಂದಿದ್ರ, ನಾ ಮಾಡ್ತಿದ್ನಲ್ರೀ."

ಅಷ್ಟು ಹೇಳಿ ಆಕೆ ಫೋನಿಟ್ಟಳು.

ನಿಗಾರ್ ಪಾಸಾದಳು, ಕೆಲಸಕ್ಕೂ ಸೇರಿದಳು. ಇದು ಅವನಿಗೆ ಓರ್ಲಾಳಿಂದ ತಿಳಿಯಿತು. ಒಳ್ಳೆಯದಾಯಿತು, ಗ್ರ್ಯಾಂಡ್ ಎಂದ, ನಿಜವಾಗಿಯೂ ಒಳ್ಳೆಯದಾಯಿತೆಂದೇ ಅವನಿಗೆ ಅನ್ನಿಸಿತು. ಮಂಗಳವಾರ ಹೊಸಬರು ಬಂದರು. ಈಗ ಅವನು ಎಲ್ಲರಿಗೂ ಮೊದಲನೆಯ ದಿನವೇ ಇನ್ಸರ್ಟ್ ಮತ್ತು ಒಂದನ್ನು ಕಲಿಸುತ್ತಾನೆ. ಅವರು ಮೊದಲಿಗಿಂತ ಬೇಗ ಕಲಿಯುತ್ತಾರೆ, ಮೊದಲಿಗಿಂತ ಬೇಗ ಹೋಗುತ್ತಾರೆ. ಆಕೆಯ ಆ ಒಂದು ಮಾತು ಮಾತ್ರ ಮನೆಯಲ್ಲಿ ಉಳಿದುಕೊಂಡಿತು. ಯಂತ್ರ ಎಷ್ಟು ವೇಗವಾಗಿ ಓದಿದರೂ ಅದರಡಿ ಆ ಮಾತು ಕೇಳುತ್ತಿತ್ತು.

ಮೇಷ್ಟ್ರು ತಾವಾಗಿ ಫೋನ್ ಮಾಡಬಾರದು ಎಂಬ ನಿಯಮ ಇದ್ದದ್ದು ಶಿಷ್ಯರ ವಿಷಯದಲ್ಲಿ ಮಾತ್ರ. ನಿಗಾರ್ ಈಗ ಶಿಷ್ಯೆಯಲ್ಲ. ಇಷ್ಟು ಸಣ್ಣ ತರ್ಕಕ್ಕೆ ಬರಲು ಅವನಿಗೆ ಬೇಸಿಗೆ ಪೂರ್ತಿ ಬೇಕಾಯಿತು. ಎಷ್ಟೋ ಸಲ ಫೋನಿನಲ್ಲಿ ಆಕೆಯ ಹೆಸರಿನವರೆಗೆ ಹೋಗಿ, ಫೋನು ಆ ಹೆಸರನ್ನು ಓದಿದ್ದನ್ನು ಕೇಳಿ, ಹಿಂದಕ್ಕೆ ಬಂದ. ಹೇಳಬೇಕಾದ್ದು ಏನಾದರೂ ಇರಬೇಕಲ್ಲ. ಹೊಸ ಕೀ ಒಂದು ಬಂದಿದೆ ಎನ್ನಬಹುದಿತ್ತು, ಬಂದಿರಲಿಲ್ಲ, ಇನ್ನು ಸುಳ್ಳು ಹೇಳುವ ಹಾಗಿಲ್ಲ. ಕಡೆಗೆ ಸೆಪ್ಟೆಂಬರಿನ ಒಂದು ಭಾನುವಾರ ಮಧ್ಯಾಹ್ನ, ಊಟ ಮುಗಿಸಿ ತಟ್ಟೆ ತೊಳೆದಿಟ್ಟು, ಕೈ ಒರೆಸಿಕೊಂಡು, ಒತ್ತಿಯೇಬಿಟ್ಟ.

ಎತ್ತಿಕೊಂಡವಳು ಅರ್ಷಿಯಾ. ಮಮ್ಮಿ ಫೋನ್ ಮರೆತು ಕೆಲಸಕ್ಕೆ ಹೋಗಿದ್ದಾಳೆ, ಸಂಜೆ ಬರುತ್ತಾಳೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಯಾರು ಎಂದು ಕೇಳಿದಳು. ಅವನು ತನ್ನ ಪೂರ್ತಿ ಹೆಸರು ಹೇಳಿದ. ಕಂಪ್ಯೂಟರ್ ಕಲಿಸಿದ ಅಂಕಲ್ ಅಲ್ಲವೇ ಎಂದಳು ಹುಡುಗಿ, ಹೌದೆಂದ. ಏನು ವಿಷಯ ಎಂದು ಹೇಳಲಿ ಎಂದು ಕೇಳಿದಳು.

ವಿಶ್ವೇಶ್ವರ ಗೋಡೆಯ ಕಡೆ ತಿರುಗಿ ನಿಂತ.

"ಏನಿಲ್ಲ ಪುಟ್ಟ," ಎಂದ. "ಸುಮ್ನೆ ಮಾಡಿದ್ದೆ ಅಂತ ಹೇಳು."

"ಜಸ್ಟ್ ಸುಮ್ನೆ?"

"ಹೂಂ. ಜಸ್ಟ್ ಸುಮ್ನೆ."

ಗ್ರ್ಯಾಂಡ್, ಹೇಳುತ್ತೇನೆ ಎಂದು ಹುಡುಗಿ ಫೋನಿಟ್ಟಳು. ಅವನು ಅಂದು ಕಟ್ಟೆಯ ಕಡೆ ನಡೆಯಲು ಹೋಗಲಿಲ್ಲ. ಯಂತ್ರವನ್ನು ಆರಿಸಿ, ಕಿಟಕಿಯ ಹತ್ತಿರದ ಕುರ್ಚಿಯಲ್ಲಿ, ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತ. ಸಂಜೆಯಾಗಲು ಇನ್ನೂ ಬಹಳ ಹೊತ್ತಿತ್ತು.